ಉಯಿಲು ಚಿಕ್ಕಮ್ಮನ ಕೈಯಲ್ಲಿದ್ದರೆ ಮಕ್ಕಳೇನು ಮಾಡಬೇಕು?

‘ನಿಮ್ಮಪ್ಪ ಎಲ್ಲವನ್ನೂ ನನ್ನ ಹೆಸರಿಗೇ ಬರೆದಿದ್ದಾರೆ’ ಎಂದು ಚಿಕ್ಕಮ್ಮ ಹೇಳಿದ ಮಾತ್ರಕ್ಕೆ ಮೊದಲ ಹೆಂಡತಿಯ ಮಕ್ಕಳು ಕೈಚೆಲ್ಲಿ ಕೂರಬೇಕಿಲ್ಲ. ಹಿಂದೂ ಕುಟುಂಬಗಳಲ್ಲಿ ಹಿಡಿಯಬೇಕಾದ ದಾರಿ ಇದು.

ಮೊದಲು ಆಸ್ತಿ ಯಾವ ಬಗೆಯದೆಂದು ತಿಳಿಯಿರಿ. ಪಹಣಿ, ಹಳೆಯ ಕ್ರಯಪತ್ರ, ಇ.ಸಿ. ತೆಗೆಸಿ. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಸೈಟನ್ನು ಯಾರಿಗೆ ಬೇಕಾದರೂ ಬರೆಯಬಹುದು. ಅಲ್ಲಿ ಉಯಿಲಿನ ಸಾಚಾತನವನ್ನಷ್ಟೇ ಪ್ರಶ್ನಿಸಬಹುದು. ಪಿತ್ರಾರ್ಜಿತ ಜಮೀನಿನಲ್ಲಿ ಅವರು ಬರೆಯಬಹುದಾದದ್ದು ತಮ್ಮ ಪಾಲನ್ನು ಮಾತ್ರ. ಮಕ್ಕಳ ಪಾಲು ಹುಟ್ಟಿನಿಂದಲೇ ಬಂದದ್ದು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಇದೇ ಹಕ್ಕಿದೆ. ಮದುವೆಯಾಗಿ ಹೋದವಳೆಂಬ ನೆಪ ನಡೆಯದು.

ಆಮೇಲೆ ಉಯಿಲಿನ ಪ್ರತಿ. ನೋಂದಣಿಯಾಗಿದ್ದರೆ ಅಪ್ಪನ ಮರಣ ಪ್ರಮಾಣಪತ್ರ ತೋರಿಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಪಡೆಯಬಹುದು, ಚಿಕ್ಕಮ್ಮನ ಒಪ್ಪಿಗೆ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ; ಆದರೆ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ಉಯಿಲಿನ ತಾರೀಖನ್ನು ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯ ಪಕ್ಕದಲ್ಲಿಟ್ಟು ನೋಡಿ. ಅಂದು ಅಪ್ಪ ಐಸಿಯುನಲ್ಲಿದ್ದರೇ? ಹಳೆಯ ಚೆಕ್ಕಿನ ಸಹಿಗೂ ಇದಕ್ಕೂ ತಾಳೆಯಾಗುತ್ತದೆಯೇ? ಸಾಕ್ಷಿಗಳು ಯಾರ ಕಡೆಯವರು? ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ್ದರೆ ಅದೇ ಅನುಮಾನಕ್ಕೆ ಕಾರಣ. ಅದನ್ನು ನಿವಾರಿಸುವ ಹೊಣೆಯೂ ಉಯಿಲು ಹಾಜರುಪಡಿಸಿದವರದೇ. ಮೈಸೂರು ಹೈಕೋರ್ಟಿನಿಂದ ಹೋದ ವೆಂಕಟಾಚಲ ಅಯ್ಯಂಗಾರ್–ತಿಮ್ಮಜಮ್ಮ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.

ಇಷ್ಟರಲ್ಲಿ ಖಾತೆ ಬದಲಾವಣೆಗೆ ಅರ್ಜಿ ಬಿದ್ದಿರಬಹುದು. ಜಮೀನಾದರೆ ತಾಲ್ಲೂಕು ಕಚೇರಿಗೆ, ಸೈಟಾದರೆ ಪುರಸಭೆಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಖಾತೆ ಬದಲಾದರೆ ಒಡೆತನ ಬದಲಾಗದು, ನಿಜ. ಆದರೆ ಮಾರಾಟಕ್ಕೆ ಹೊರಡುವವರು ಹಿಡಿದು ಓಡಾಡುವುದು ಅದೇ ಖಾತೆಯನ್ನು. ಆದ್ದರಿಂದ ವಕೀಲರ ಮೂಲಕ ಪಾಲು ವಿಭಾಗದ ದಾವೆ ಹೂಡಿ, ತಡೆಯಾಜ್ಞೆ ಕೇಳಿ. ದಾವೆಗೆ ಕಾಲಮಿತಿಯಿದೆ, ವರ್ಷಾಂತಿಕ ಕಳೆಯದಿರಲಿ.

ಉಯಿಲು ಬಿದ್ದುಹೋದರೆ ಸ್ವಯಾರ್ಜಿತ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹಂಚಿಕೆಯಾಗುತ್ತದೆ: ಚಿಕ್ಕಮ್ಮನಿಗೊಂದು, ಅಪ್ಪನಿಂದ ಅವರಿಗಾದ ಮಕ್ಕಳೂ ಸೇರಿ ಎಲ್ಲ ಮಕ್ಕಳಿಗೆ ಒಂದೊಂದು, ಅಜ್ಜಿ ಬದುಕಿದ್ದರೆ ಅವರಿಗೊಂದು ಸಮಪಾಲು. ಚಿಕ್ಕಮ್ಮನ ಪಾಲು ನ್ಯಾಯವಾದದ್ದೇ. ಅದನ್ನು ಒಪ್ಪಿಕೊಂಡು ಮಾತಿಗೆ ಕೂತರೆ ರಾಜಿಯೂ ಸಾಧ್ಯ. ಬ್ಯಾಂಕ್ ಠೇವಣಿಗೆ ಅವರು ನಾಮಿನಿಯಾಗಿದ್ದರೂ ಹಣ ಅಷ್ಟರಿಂದಲೇ ಅವರದಾಗುವುದಿಲ್ಲ.

ಮಲತಾಯಿಯ ಆಸ್ತಿಗೆ ಮಲಮಕ್ಕಳು ಆಕೆಯ ಹೆತ್ತ ಮಕ್ಕಳಿಗೆ ಸಮನಾದ ವಾರಸುದಾರರಲ್ಲ ಎಂದು 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದಕಾರಣ ‘ಅವರ ಕಾಲಾನಂತರ ನಮಗೇ ತಾನೇ’ ಎಂದು ನಂಬಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಡಿ.