ವ್ಯಕ್ತಿ, ವ್ಯಕ್ತಿತ್ವ, ತನ್ನತನ



ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಗೆ 'ನಾನು ಮೆಚ್ಚಿದ ವ್ಯಕ್ತಿ' ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆಯಲು ಹೇಳಿದ್ದೆನು. ಬಹುಮಂದಿ ಗೈಡು ಪುಸ್ತಕವನ್ನು ನೋಡಿ ದೇಶನಾಯಕರನ್ನು ಕುರಿತು ಬರೆದು ತಂದರು. ಒಬ್ಬ ಹುಡುಗನು ಮಾತ್ರ ತನ್ನ ತಂದೆಯನ್ನು ಕುರಿತು ಬರೆದಿದ್ದನು. ಅವರು ಠಾಣೆಯ ಒಂದು ಹೋಟೆಲಿನಲ್ಲಿ ಅಡಿಗೆಯವರು; ನಸುಕಿನಲ್ಲೆದ್ದು ಡೊಂಬಿವಲಿಯಿಂದ ಲೋಕಲ್ ಗಾಡಿ ಹಿಡಿಯುವರು; ಅಂಗೈ ಮೇಲೆ ಒಂದು ಹನಿ ಸಾಂಬಾರು ಹಾಕಿಕೊಂಡು ಉಪ್ಪು ನೋಡುವರು. ಇಷ್ಟನ್ನು ಬರೆದು ಕೊನೆಗೆ 'ನಮ್ಮ ಅಪ್ಪನ ವ್ಯಕ್ತಿಮತ್ತ್ವ ನನಗೆ ಬಹಳ ಸೇರುತ್ತದೆ' ಎಂದು ಮುಗಿಸಿದ್ದನು. 'ವ್ಯಕ್ತಿಮತ್ತ್ವ'ವು ಮರಾಠಿಯಲ್ಲಿ ಬಳಕೆಯಲ್ಲಿರುವ ಪದ. ಕನ್ನಡದಲ್ಲಿ ನಾವು 'ವ್ಯಕ್ತಿತ್ವ'ವೆನ್ನುತ್ತೇವೆ. ನಾನು ಆ ಪದದ ಮೇಲೆ ಕೆಂಪು ಗೆರೆ ಎಳೆದು ಅಂಕ ಕಳೆದೆನು.

ಮುಂದಿನ ಪರೀಕ್ಷೆಯಲ್ಲಿ ಆ ಹುಡುಗನೂ ಗೈಡಿನ ಪ್ರಬಂಧವನ್ನೇ ಬಾಯಿಪಾಠ ಮಾಡಿ ಬರೆದನು. ತಪ್ಪು ಒಂದೂ ಇರಲಿಲ್ಲ. ಹೆಸರನ್ನು ಮುಚ್ಚಿ ಓದಿದರೆ ಯಾರ ಉತ್ತರವೆಂದು ಹೇಳುವಂತೆಯೂ ಇರಲಿಲ್ಲ. ವ್ಯಕ್ತಿತ್ವವೆಂಬ ಪದವನ್ನು ತಿದ್ದಹೋಗಿ ನಾನು ಏನನ್ನು ಅಳಿಸಿದೆನೆಂಬುದು ಆಗ ತಿಳಿಯಿತು. ಈ ಲೇಖನಕ್ಕೆ ಅದೇ ಕಾರಣ.

'ವ್ಯಕ್ತಿ' ಸಂಸ್ಕೃತದಿಂದ ಬಂದ ಪದ. 'ಅಂಜ್' ಎಂಬ ಧಾತುವಿಗೆ 'ವಿ' ಎಂಬ ಉಪಸರ್ಗವು ಸೇರಿ ಆದುದು. (ನಮ್ಮ 'ಅಂಜು', ಹೆದರು ಎಂಬ ಕನ್ನಡ ಧಾತುವಿಗೂ ಇದಕ್ಕೂ ಸಂಬಂಧವಿಲ್ಲ.) 'ಅಂಜ್' ಎಂದರೆ ಸವರು, ಹಚ್ಚು, ಬೆಳಗಿಸಿ ತೋರಿಸು. ಕಣ್ಣಿಗೆ ಹಚ್ಚುವ 'ಅಂಜನ'ವು ಇದೇ ಧಾತುವಿನದು. ತೋರಿಬಂದದ್ದು 'ವ್ಯಕ್ತ', ತೋರದೆ ಇರುವುದು 'ಅವ್ಯಕ್ತ', ಒಳಗಿನದನ್ನು ಹೊರಗೆ ತೋರ್ಪಡಿಸುವುದು 'ಅಭಿವ್ಯಕ್ತಿ'. 'ವ್ಯಕ್ತಿ' ಎಂಬುದಕ್ಕೆ ಮೂಲದಲ್ಲಿ ಮನುಷ್ಯನೆಂಬ ಅರ್ಥವೇ ಇಲ್ಲ. ತೋರಿಬರುವಿಕೆ ಎಂದಷ್ಟೇ ಅರ್ಥ.

ಈ ಮನೆತನದ ಇನ್ನೊಂದು ಪದವನ್ನು ನೀವು ವ್ಯಾಕರಣದ ಮೊದಲ ಪಾಠದಲ್ಲಿಯೇ ಕಲಿತಿದ್ದೀರಿ, ಅದು 'ವ್ಯಂಜನ'. ಸ್ವರವು ತಾನಾಗಿ ಬೆಳಗುತ್ತದೆ, ವ್ಯಂಜನವು ಅದನ್ನು ಅನುಸರಿಸಿ ಬರುತ್ತದೆ ಎಂದು ಹಿಂದಿನ ವೈಯಾಕರಣರು ವಿವರಿಸುತ್ತಿದ್ದರು. 'ಕ್' ಎಂಬುದನ್ನು ಒಂಟಿಯಾಗಿ ಉಚ್ಚರಿಸಿ ನೋಡಿರಿ, ಗಂಟಲಲ್ಲಿಯೇ ನಿಲ್ಲುತ್ತದೆ. 'ಅ'ಕಾರ ಸೇರಿದೊಡನೆ 'ಕ' ಎಂದು ಸ್ಫುಟವಾಗುತ್ತದೆ. ಅನ್ನದೊಡನೆ ಬಡಿಸುವ ಪಲ್ಯ, ಸಾರು, ಗೊಜ್ಜುಗಳಿಗೂ ವ್ಯಂಜನವೆಂದೇ ಹೆಸರು. ಎರಡೂ ಇನ್ನೊಂದರ ಜತೆಗೆ ಸೇರಿಯೇ ತಮ್ಮ ಗುಣವನ್ನು ತೋರುತ್ತವೆ.

ಇಂಗ್ಲಿಷಿನ ದಾರಿ ಬೇರೆ. 'ಇಂಡಿವಿಜುವಲ್' ಎಂಬುದು ಲ್ಯಾಟಿನ್ ಮೂಲದ ಪದ. ಇನ್ನು ಒಡೆಯಲು ಬಾರದ್ದು ಎಂದು ಅದರ ಅರ್ಥ. ಗುಂಪನ್ನು ಒಡೆಯುತ್ತ ಒಡೆಯುತ್ತ ಹೋದರೆ ಕಡೆಗೆ ಉಳಿಯುವ ಒಂದು ಕಾಳು. ಎಣಿಸುವುದಕ್ಕೆ ಈ ಅರ್ಥ ಸಾಕು. ಕಲ್ಯಾಣದಿಂದ ಬೆಳಗಿನ ಗಾಡಿಯಲ್ಲಿ ಹೋಗುವವರೆಲ್ಲ ಆ ಲೆಕ್ಕದಲ್ಲಿ ಒಂದೊಂದು ಕಾಳುಗಳೇ. ಆದರೆ ನೂಕುನುಗ್ಗಲಿನಲ್ಲಿಯೂ ಮುದುಕರೊಬ್ಬರಿಗೆ ತಾನು ಕುಳಿತ ಜಾಗವನ್ನು ಬಿಟ್ಟುಕೊಟ್ಟವನು ನಮ್ಮ ಅರ್ಥದಲ್ಲಿ ಆ ಗಳಿಗೆಗೆ ವ್ಯಕ್ತನಾದನು.

ಪದವೊಂದು ಏನನ್ನು ಸೂಚಿಸುತ್ತದೆ ಎಂಬ ಪ್ರಶ್ನೆಗೆ ಗೌತಮನ ನ್ಯಾಯಸೂತ್ರವು ವ್ಯಕ್ತಿ, ಆಕೃತಿ, ಜಾತಿ ಈ ಮೂರನ್ನೂ ಎಂದು ಉತ್ತರ ಕೊಡುತ್ತದೆ. 'ಹಸು' ಎಂದಾಗ ಎದುರಿಗಿರುವ ಒಂದು ಹಸುವೂ ಅದರ ಆಕಾರವೂ ಹಸುಗಳ ಇಡೀ ವರ್ಗವೂ ಮನಸ್ಸಿಗೆ ಬರುತ್ತವೆ. ಇಲ್ಲಿ ಜಾತಿಯೆಂದರೆ ವರ್ಗ. ನಾವಿರುವ ಊರುಗಳಲ್ಲಿ ಈ ಮಾತು ಬರಿಯ ತರ್ಕವಲ್ಲ. ದಕ್ಷಿಣದಿಂದ ಬಂದವರೆಲ್ಲ ಬಹುಕಾಲ ಇಲ್ಲಿ 'ಮದ್ರಾಸಿ'ಗಳಾಗಿದ್ದರು. ಹೋಟೆಲಿನ ಗಲ್ಲಾದ ಮೇಲೆ ಕುಳಿತವರು ಈಗಲೂ 'ಅಣ್ಣಾ' ಆಗಿದ್ದಾರೆ. ಅದೇ ತರಗತಿಯಲ್ಲಿ ಮನೆಯಲ್ಲಿ ತುಳು ಆಡುವವರು, ಕಲಬುರಗಿಯ ಕನ್ನಡದವರು, ನನ್ನಂತೆ ಬಾಗಲಕೋಟೆಯ ಕಡೆಯವರು ಇದ್ದಾರೆಂಬುದು ಹಾಗೆ ಕರೆಯುವವರಿಗೆ ಗೊತ್ತಿಲ್ಲ. ನಾವೂ ಏನು ಕಡಮೆಯಿಲ್ಲ. ತರಕಾರಿ ಗಾಡಿಯವನನ್ನು 'ಭಯ್ಯಾ' ಎಂದು ಕರೆದು, ವರ್ಷಗಟ್ಟಲೆ ಅವನ ಹೆಸರನ್ನು ಕೇಳದೆ ಇರುತ್ತೇವೆ.

ಇನ್ನು ಅಚ್ಚಗನ್ನಡದ 'ತನ್ನತನ'. ಇದರಲ್ಲಿ ಮೊದಲಿನದು 'ತಾನು' ಎಂಬ ಸರ್ವನಾಮದ ಷಷ್ಠೀ ರೂಪ. ಎರಡನೆಯದು ಬಡತನ, ಜಾಣತನಗಳಲ್ಲಿರುವ ಪ್ರತ್ಯಯ. 'ತಾನು' ವಿಚಿತ್ರವಾದ ಸರ್ವನಾಮ. 'ನಾನು', 'ನೀನು' ಎಂಬವು ಸ್ವತಂತ್ರವಾಗಿ ನಿಲ್ಲುತ್ತವೆ. 'ತಾನು ಬರುತ್ತೇನೆಂದನು' ಎಂದರೆ ಮಾತ್ರ 'ಯಾರು?' ಎಂದು ಕೇಳಬೇಕಾಗುತ್ತದೆ. ಇನ್ನೊಂದು ಹೆಸರು ಆಸರೆಯಾಗಿರಬೇಕು. ಮರಾಠಿಯ 'ಆಪಣ' ನಿಮಗೆ ಗೊತ್ತು: ಅದು ಆತ್ಮ ಶಬ್ದದಿಂದ ಬಂದದ್ದು, 'ತಾನು' ಎಂಬ ಅರ್ಥವೂ ಅದಕ್ಕುಂಟು, ಎದುರಿನವರನ್ನೂ ಕೂಡಿಸಿಕೊಂಡ 'ನಾವು' ಎಂಬ ಅರ್ಥವೂ ಉಂಟು. 'ಆಮ್ಹೀ' ಎಂದರೆ ಎದುರಿನವರು ಹೊರಗಾಗುತ್ತಾರೆ. ಕನ್ನಡದ 'ನಾವು' ಈ ಭೇದವನ್ನು ಮಾಡುವುದಿಲ್ಲ.

ವರಕವಿ ಬೇಂದ್ರೆಯವರ 'ನಾಕು ತಂತಿ' 1964ರಲ್ಲಿ ಪ್ರಕಟವಾಯಿತು. ಅದಕ್ಕೆ 1973ರ ಜ್ಞಾನಪೀಠ ಪ್ರಶಸ್ತಿ ಬಂದಿತು. ಆ ನಾಲ್ಕು ತಂತಿಗಳು ನಾನು, ನೀನು, ಆನು, ತಾನು. 'ಆನು' ಎಂಬುದು 'ನಾನು'ವಿನ ಹಳೆಯ ರೂಪ. ತಂತಿಯನ್ನು ಎರಡು ತುದಿಗಳಲ್ಲಿ ಕಟ್ಟಿ ಬಿಗಿಯದೆ ಸ್ವರ ಹೊರಡದಷ್ಟೆ. ಧಾರವಾಡದಲ್ಲಿ ಹುಟ್ಟಿದ ಬೇಂದ್ರೆಯವರ ಮನೆಮಾತು ಮರಾಠಿ. 1944ರಿಂದ 1956ರವರೆಗೆ ಅವರು ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಎರಡು ಭಾಷೆಗಳ ನಡುವೆ ಬಾಳಿದ್ದರಿಂದ ಅವರ ಕನ್ನಡದ ತನ್ನತನ ಕುಂದಲಿಲ್ಲ. ಒಂದು ಪದ್ಯವನ್ನು ಕೇಳಿದರೆ ಸಾಕು, ಬೇಂದ್ರೆಯವರದೆಂದು ಹೇಳಬಹುದು. ಕಾವ್ಯನಾಮವನ್ನು ನೋಡಿರಿ: ಅಂಬಿಕಾತನಯದತ್ತ, ಅಂದರೆ ಅಂಬಿಕೆಯ ಮಗನಾದ ದತ್ತ. ತಮ್ಮ ಹೆಸರಿಗೆ ತಾಯಿಯ ಹೆಸರನ್ನೇ ಮುಂದಿಟ್ಟುಕೊಂಡರು. (2024ರ ಮೇ 1ರಿಂದೀಚೆಗೆ ಹುಟ್ಟಿದ ಮಕ್ಕಳ ಹೆಸರಿನಲ್ಲಿ ತಾಯಿಯ ಹೆಸರೂ ಇರಬೇಕೆಂದು ಮಹಾರಾಷ್ಟ್ರ ಸರಕಾರವು ಈಗ ಗೊತ್ತುಮಾಡಿದೆ.)

'ಅಹಂಕಾರ', 'ಸ್ವಾರ್ಥ'ಗಳನ್ನು ವ್ಯಕ್ತಿತ್ವದೊಡನೆ ಬೆರೆಸಬಾರದೆಂದು ಬೇರೆ ಹೇಳಬೇಕಾಗಿಲ್ಲ. 'ಸ್ವತಂತ್ರ'ವನ್ನು ಕುರಿತು ಒಂದು ಮಾತುಂಟು. 'ತಂತ್ರ'ಕ್ಕೆ ಮಗ್ಗ, ಹಾಸುನೂಲು ಎಂಬುದು ಹಳೆಯ ಅರ್ಥ. ತಂತು, ತಂತಿಗಳೂ ಹಿಗ್ಗಿಸು ಎಂಬರ್ಥದ ಅದೇ ಧಾತುವಿನವು. ಭಿವಂಡಿಯಲ್ಲಿ ಮಗ್ಗವನ್ನು ಕಂಡವರಿಗೆ ಹೊಕ್ಕಿಲ್ಲದ ಹಾಸು ಬಟ್ಟೆಯಾಗದೆಂಬುದು ಗೊತ್ತಿದೆ.

ಈಗ ಹುಡುಗನ ಪದಕ್ಕೆ ಬರೋಣ. 'ವ್ಯಕ್ತಿಮತ್' ಎಂಬುದಕ್ಕೆ 'ತ್ವ' ಸೇರಿ 'ವ್ಯಕ್ತಿಮತ್ತ್ವ'. 'ಬುದ್ಧಿಮತ್' ಎಂಬುದರಿಂದ ಬಂದ 'ಬುದ್ಧಿಮತ್ತೆ'ಯನ್ನು ಕನ್ನಡದಲ್ಲಿ ನಾವು ಸಂಕೋಚವಿಲ್ಲದೆ ಬರೆಯುತ್ತೇವೆ. ಪದದ ಕಟ್ಟಡದಲ್ಲಿ ದೋಷವಿರಲಿಲ್ಲ, ರೂಢಿ ಮಾತ್ರ ಬೇರೆ. 'ಕನ್ನಡದಲ್ಲಿ ಇದನ್ನು ಹೀಗೆನ್ನುತ್ತಾರೆ' ಎಂದು ಅಂಚಿನಲ್ಲಿ ಬರೆದು, ಅಂಗೈ ಮೇಲಿನ ಸಾಂಬಾರಿಗೆ ಪೂರ್ಣ ಅಂಕ ಕೊಡಬಹುದಾಗಿತ್ತು.

ಕಳೆದ ಮಳೆಗಾಲದಲ್ಲಿ ಅವನು ಕಲ್ಯಾಣ ನಿಲ್ದಾಣದ ಸೇತುವೆಯ ಮೇಲೆ ಸಿಕ್ಕಿದನು, ಈಗ ಕಾಲೇಜಿನಲ್ಲಿದ್ದಾನೆ. ನಿಂತಲ್ಲಿಯೇ ಇದನ್ನೆಲ್ಲ ಹೇಳಿದೆನು. ಪದ ಅವನಿಗೆ ನೆನಪಿರಲಿಲ್ಲ. ಕಳೆದ ಅಂಕಗಳು ನೆನಪಿದ್ದವು. ನಕ್ಕು, "ಅಪ್ಪ ಈಗಲೂ ಅದೇ ಗಾಡಿಗೆ ಹೋಗುತ್ತಾರೆ, ಸರ್" ಎಂದನು.