ಹೆಬ್ಬೆರಳನ್ನು ನಂಬಬೇಡ ಮಗ

ಹೊಸ ಗೇರ್ ಸೈಕಲ್ ತಂದಿದ್ದೀಯ, ಸಂತೋಷ ಮಗ. ಬೆಳಗಿನ ಜಾವ ಮಂಡ್ಯದಿಂದ ಮದ್ದೂರಿಗೆ ತುಳಿಯುತ್ತೇನೆ ಅಂದೆ. ಎಕ್ಸ್‌ಪ್ರೆಸ್‌ವೇ ಹತ್ತಬೇಡ, 2023ರ ಆಗಸ್ಟ್‌ನಿಂದ ಅಲ್ಲಿ ಸೈಕಲ್, ಬೈಕು ಬಿಡುವುದಿಲ್ಲ. ಸರ್ವಿಸ್ ರಸ್ತೆಯೇ ನಮಗೆ ಗತಿ. ಅಲ್ಲಿಯ ಗುಂಡಿ, ಉಬ್ಬಿನ ಮೇಲೆ ನಿನ್ನ ಬೆನ್ನು ಕಾಯುವುದು ಟೈರಿನೊಳಗಿನ ಗಾಳಿ. ಅದರ ವಿಷಯಕ್ಕೇ ಈ ಕಿವಿಮಾತು.

ನಿನ್ನೆ ಹೆಬ್ಬೆರಳಲ್ಲಿ ಟೈರು ಒತ್ತಿ "ಗಟ್ಟಿ ಅದೆ ತಾತ" ಅಂದೆಯಲ್ಲ, ನಾನೂ ಒಂದು ಕಾಲದಲ್ಲಿ ಹಾಗೇ ಒತ್ತಿ ನೋಡಿ, ಮಳವಳ್ಳಿಯಿಂದ ಕ್ಯಾರಿಯರ್ ಮೇಲೆ ಅರ್ಧ ಮೂಟೆ ರಾಗಿ ಹೇರಿಕೊಂಡು ಹೊರಟಿದ್ದೆ. ಮೊದಲ ಗುಂಡಿಯಲ್ಲೇ ರಿಮ್ಮು ಟ್ಯೂಬನ್ನು ಕಚ್ಚಿತು. ಪಂಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ ತೋರಿಸಿದ: ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಹಾಗೆ. "ಜಾಲಿ ಮುಳ್ಳಾಗಿದ್ರೆ ಒಂದೇ ತೂತು. ಇದು ಗಾಳಿ ಕಮ್ಮಿಯಾಗಿ ಆಗಿದ್ದು" ಅಂದ. ಖಾಲಿ ಸೈಕಲ್ಲಿಗೆ ಸಾಕಾದ ಗಾಳಿ ರಾಗಿ ಮೂಟೆಗೆ ಸಾಲದು ಎಂದು ಹೆಬ್ಬೆರಳಿಗೆ ಹೇಗೆ ಗೊತ್ತಾಗಬೇಕು?

ಎಷ್ಟು ಗಾಳಿ ಬೇಕೆಂಬುದು ಟೈರಿನ ಪಕ್ಕೆಯಲ್ಲೇ ಅಚ್ಚಾಗಿರುತ್ತದೆ. ಅಲ್ಲಿರುವ ಪಿಎಸ್‌ಐ ಅಂದರೆ ಠಾಣೆಯ ಸಬ್‌ಇನ್ಸ್‌ಪೆಕ್ಟರ್ ಅಲ್ಲ. ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಒತ್ತಡ ಎಂಬ ಲೆಕ್ಕ. ಬಾರ್ ಎಂದಿದ್ದರೆ, ಒಂದು ಬಾರ್ ಅಂದರೆ 14.5 ಪಿಎಸ್‌ಐ. ಒತ್ತಡ ಅಳೆಯುವ ಗೇಜು ಅದನ್ನು ಸರಿಯಾಗಿ ಹೇಳಬೇಕಾದರೆ ವಾಲ್ವ್ ಯಾವುದೆಂದು ನಿನಗೆ ತಿಳಿದಿರಬೇಕು.

ನನ್ನ ಹಳೇ ಸೈಕಲ್ಲಿನದು ಡನ್‌ಲಪ್ ವಾಲ್ವ್. ಒಳಗಿನ ಕಡ್ಡಿಯ ಪಕ್ಕದಲ್ಲಿ ಸಣ್ಣ ತೂತು, ಅದರ ಮೇಲೆ ಬಿಗಿಯಾಗಿ ಏರಿಸಿದ ರಬ್ಬರ್, ನಾವು ವಾಲ್‌ಟ್ಯೂಬ್ ಅನ್ನುವುದು. ಪಂಪಿನ ಗಾಳಿ ಆ ರಬ್ಬರನ್ನು ಉಬ್ಬಿಸಿಕೊಂಡು ಒಳಗೆ ಹೋಗಬೇಕು. ಹಾಗಾಗಿ ಪಂಪಿನ ಗೇಜಿನ ಮುಳ್ಳು ಒಳಗಿರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ. ಪಂಪು ನಿಲ್ಲಿಸಿದೊಡನೆ ರಬ್ಬರ್ ಮುಚ್ಚಿಕೊಳ್ಳುತ್ತದೆ. ಆಮೇಲೆ ಒಳಗಿನ ಸುದ್ದಿ ಗೇಜಿಗೆ ತಲುಪುವುದೇ ಇಲ್ಲ. ನಿಖರ ಲೆಕ್ಕ ಬೇಕೆಂದರೆ ಬೈಕಿನಂಥ ವಾಲ್ವಿರುವ ಸೈಕಲ್ ಟ್ಯೂಬ್ ಹಾಕಿಸಬೇಕು. ರಿಮ್ಮಿನ ಅದೇ ತೂತಿಗೆ ಅದು ಕೂರುತ್ತದೆ.

ನಿನ್ನದು ಆ ಬೈಕಿನಂಥದ್ದೇ, ಶ್ರೇಡರ್. ನಡುವಿನ ಪಿನ್ನನ್ನು ಗೇಜು ಒತ್ತಿದಾಗ ಒಳಗಿನ ಒತ್ತಡ ನೇರವಾಗಿ ಸಿಗುತ್ತದೆ. ಗೇಜನ್ನು ಓರೆಯಾಗಿ ಹಿಡಿದು ಸುಸ್ ಎಂದು ಗಾಳಿ ಬಿಡಬೇಡ, ಲೆಕ್ಕ ಕಮ್ಮಿ ಬರುತ್ತದೆ. ಎರಡು ಸಲ ನೋಡು. ಎರಡೂ ಹೆಚ್ಚುಕಮ್ಮಿ ಒಂದೇ ಬಂದರೆ ನಂಬು.

ನಿನ್ನ ಗೆಳೆಯನ ರೇಸಿಂಗ್ ಸೈಕಲ್ಲಿನ ಸಣಕಲು ವಾಲ್ವ್ ಪ್ರೆಸ್ಟಾ. ತುದಿಯ ಪುಟ್ಟ ನಟ್ಟು ಸಡಿಲಿಸಿ, ಬೆರಳಿನಿಂದ ಒಮ್ಮೆ ಚಿಟಿಕೆ ಗಾಳಿ ಬಿಟ್ಟರೆ ಅಂಟಿಕೊಂಡ ವಾಲ್ವ್ ಬಿಡುತ್ತದೆ. ಆಮೇಲೆ ಗೇಜು ಇಡಬೇಕು. ಪಂಪು ತೆಗೆಯುವಾಗ ಬರುವ ಸದ್ದಿಗೆ ಹೆದರಬೇಕಿಲ್ಲ, ಅದು ಬಹುಪಾಲು ಪಂಪಿನ ಪೈಪಿನೊಳಗಿನ ಗಾಳಿ.

ಬೆಳಿಗ್ಗೆ, ಬಿಸಿಲಿಗೆ ಇಡುವ ಮುಂಚೆ, ಯಾವಾಗಲೂ ಒಂದೇ ಗೇಜಿನಲ್ಲಿ ಅಳೆ. ಕಾದ ಟೈರು ಹೆಚ್ಚು ತೋರಿಸುತ್ತದೆ. ಭಾರ ಬೀಳುವುದು ಹಿಂದೆ, ಆದ್ದರಿಂದ ಹಿಂದಿನದಕ್ಕೆ ಮುಂದಿನದಕ್ಕಿಂತ ತುಸು ಜಾಸ್ತಿ ಇರಲಿ. ಪೆಟ್ರೋಲ್ ಬಂಕಿನ ಪೈಪು ಹಿಡಿದರೆ ಜೋಪಾನ. ಸೈಕಲ್ ಟ್ಯೂಬಿನ ಹೊಟ್ಟೆ ಚಿಕ್ಕದು, ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆದೀತು. ಕೊನೆಗೆ ವಾಲ್ವಿನ ಬಾಯಿಗೆ ಚೂರು ಉಗುಳು ಹಚ್ಚು. ಗುಳ್ಳೆ ಎದ್ದರೆ ಗಾಳಿ ಸೋರುತ್ತಿದೆ ಅಂತ ಅರ್ಥ. ಏಳದಿದ್ದರೆ ಕ್ಯಾಪು ಹಾಕಿ ಹೊರಡು.

ವಾರಕ್ಕೊಂದು ಸಲ ಇಷ್ಟು ಮಾಡು ಮಗ. ಎರಡು ನಿಮಿಷದ ಕೆಲಸ. ಸೈಕಲ್ ತಳ್ಳಿಕೊಂಡು ಬರುವುದು ತಪ್ಪುತ್ತದೆ.