ಬರಲಿರುವ ಕಾರಿನ ಮೈಲೇಜು: ಒಂದು ಅಂಕಿಯೋ, ಎರಡು ಅಂಕಿಗಳೋ?

ಹೊಸ ಮೋಟಾರು ಗಾಡಿಯೊಂದು ಪೇಟೆಗೆ ಬರುವ ಮೊದಲೇ ಅದರ ಮೈಲೇಜು ಪತ್ರಿಕೆಗಳಲ್ಲಿ ಬಂದುಬಿಡುತ್ತದೆ. ನಮ್ಮ ವಾಚನಾಲಯದ ಮೇಜಿನ ಮೇಲೆ ಅಂಥ ಪುಟವನ್ನು ಬಿಡಿಸಿಟ್ಟು, “ಇದು ನಿಜವಿರಬಹುದೇ?” ಎಂದು ಕೇಳುವ ಮಿತ್ರರಿದ್ದಾರೆ. ಅವರಲ್ಲಿ ಸಾಲ ಮಾಡಿ ಟ್ಯಾಕ್ಸಿ ಕೊಳ್ಳಬೇಕೆಂದಿರುವವರೂ ಉಂಟು. ಸಾಲದ ಕಂತು ಮೈಲೇಜಿನ ಅಂಕಿಯನ್ನೇ ನಂಬಿ ನಿಂತಿರುವಾಗ ಆ ಅಂಕಿಯನ್ನು ಓದುವ ಬಗೆಯನ್ನು ಕಲಿಯುವುದು ಒಳ್ಳೆಯದು. ಅದಕ್ಕಾಗಿ ಈ ಪಾಠದಲ್ಲಿ ಒಂದೇ ಒಂದು ಕಾರನ್ನು ತೆಗೆದುಕೊಂಡಿದ್ದೇನೆ. ಅದು ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಷೆವ್ರೊಲೆ ವೋಲ್ಟ್. ಅದರ ಕಥೆ ಆರಂಭವಾಗಿ ಮುಗಿದೂ ಹೋಗಿದೆ. ಆದುದರಿಂದ ಬರುವ ಮುನ್ನ ಹೇಳಿದ್ದೇನು, ಬಂದ ಮೇಲೆ ಕಂಡದ್ದೇನು ಎಂಬುದನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು.

೧. ಪ್ಲಗ್-ಇನ್ ಹೈಬ್ರಿಡ್ ಎಂದರೇನು?

ಹೈಬ್ರಿಡ್ ಜೋಳದ ಹೆಸರು ಕೇಳದ ಕನ್ನಡಿಗನಿಲ್ಲ. ಎರಡು ತಳಿ ಕೂಡಿದ್ದು ಹೈಬ್ರಿಡ್. ಕಾರಿನಲ್ಲಿಯೂ ಅಷ್ಟೆ. ಪೆಟ್ರೋಲ್ ಎಂಜಿನು ಮತ್ತು ವಿದ್ಯುತ್ ಮೋಟಾರು ಎರಡೂ ಒಂದೇ ಗಾಡಿಯಲ್ಲಿದ್ದರೆ ಅದು ಹೈಬ್ರಿಡ್ ಕಾರು. ಸಾಮಾನ್ಯ ಹೈಬ್ರಿಡ್ಡಿನ ಬ್ಯಾಟರಿ ಚಿಕ್ಕದು. ಎಂಜಿನಿನಿಂದಲೂ ಬ್ರೇಕು ಒತ್ತಿದಾಗ ಉಳಿಯುವ ಶಕ್ತಿಯಿಂದಲೂ ಅದು ತುಂಬಿಕೊಳ್ಳುತ್ತದೆ, ಹೊರಗಿನಿಂದ ಕರೆಂಟು ಬೇಡ. ಪ್ಲಗ್-ಇನ್ ಹೈಬ್ರಿಡ್ಡಿನ ಬ್ಯಾಟರಿ ದೊಡ್ಡದು. ರಾತ್ರಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಅದನ್ನು ತುಂಬಬೇಕು. ಹೀಗೆ ಈ ಗಾಡಿಗೆ ಎರಡು ಹೊಟ್ಟೆ: ಒಂದು ಕರೆಂಟಿಗೆ, ಇನ್ನೊಂದು ಪೆಟ್ರೋಲಿಗೆ. ಈ ಪಾಠವೆಲ್ಲ ಈ ಎರಡು ಹೊಟ್ಟೆಗಳ ಲೆಕ್ಕವೇ.

೨. ವೋಲ್ಟ್ ಕಾರಿನ ರಚನೆ

೨೦೦೭ರ ಜನವರಿಯಲ್ಲಿ ಡೆಟ್ರಾಯಿಟ್ ನಗರದ ಮೋಟಾರು ಪ್ರದರ್ಶನದಲ್ಲಿ ಇದರ ಮಾದರಿಯನ್ನು ಮೊದಲು ತೋರಿಸಿದರು. ಯೋಚನೆ ಸರಳವಾಗಿತ್ತು. ಅಮೆರಿಕದ ಬಹುಪಾಲು ಜನರ ದಿನದ ಓಡಾಟ ೪೦ ಮೈಲಿಯ, ಅಂದರೆ ೬೪ ಕಿಲೋಮೀಟರಿನ, ಒಳಗೇ ಮುಗಿಯುತ್ತದೆ. ಅಷ್ಟು ದೂರಕ್ಕೆ ಸಾಕಾಗುವ ಬ್ಯಾಟರಿಯನ್ನಿಟ್ಟರೆ ನಿತ್ಯದ ಓಡಾಟಕ್ಕೆ ಪೆಟ್ರೋಲೇ ಬೇಡ. ದೂರದ ಪ್ರಯಾಣ ಬಂದಾಗ ನಡುದಾರಿಯಲ್ಲಿ ನಿಂತುಹೋಗಬಾರದೆಂದು ಒಂದು ಚಿಕ್ಕ ಎಂಜಿನು.

೨೦೧೦ರ ಡಿಸೆಂಬರಿನಲ್ಲಿ ಗಿರಾಕಿಗಳ ಕೈಸೇರಿದ ಕಾರು ಹೀಗಿತ್ತು. ಬ್ಯಾಟರಿ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ್ದು, ತೂಕ ಸುಮಾರು ೨೦೦ ಕಿಲೋಗ್ರಾಂ, ಒಳಗೆ ೨೮೮ ಲಿಥಿಯಂ ಕೋಶಗಳು. ಅದು ಕಾರಿನ ನಡುವೆ ಉದ್ದಕ್ಕೆ ಮಲಗಿದ್ದುದರಿಂದ ಹಿಂದಿನ ಸೀಟಿನಲ್ಲಿ ಮೂವರು ಕೂರುವಂತಿರಲಿಲ್ಲ. ಒಟ್ಟು ನಾಲ್ಕೇ ಜನರ ಕಾರು. ಅದರ ಹಿಡಿತ ೧೬ ಯೂನಿಟ್. ನಮ್ಮ ಮನೆಯ ಮೀಟರಿನಲ್ಲಿ ಏರುತ್ತದಲ್ಲ, ಅದೇ ಯೂನಿಟ್. ಆದರೆ ಓಡಾಟಕ್ಕೆ ಬಳಸಲು ಬಿಡುತ್ತಿದ್ದುದು ಸುಮಾರು ೧೦ ಯೂನಿಟ್ ಮಾತ್ರ. ಬ್ಯಾಟರಿಯನ್ನು ಪೂರ್ತಿ ತುಂಬಿ ಪೂರ್ತಿ ಬರಿದು ಮಾಡುತ್ತಿದ್ದರೆ ಅದು ಬೇಗ ಮುಪ್ಪಾಗುತ್ತದೆ. ಎಂಟು ವರ್ಷದ ಜವಾಬ್ದಾರಿ ಹೊತ್ತಿದ್ದ ಕಂಪನಿ ಆದ್ದರಿಂದ ಮೇಲೂ ಕೆಳಗೂ ಸ್ವಲ್ಪ ಜಾಗವನ್ನು ಕಾಯ್ದಿರಿಸಿತ್ತು.

ಚಕ್ರ ತಿರುಗಿಸುವ ಮುಖ್ಯ ಮೋಟಾರಿನ ಬಲ ೧೧೧ ಕಿಲೋವ್ಯಾಟ್. ಪೆಟ್ರೋಲ್ ಎಂಜಿನು ೧.೪ ಲೀಟರಿನದು, ಬಲ ೬೩ ಕಿಲೋವ್ಯಾಟ್. ಬ್ಯಾಟರಿಯ ಪಾಲು ಮುಗಿದೊಡನೆ ಎಂಜಿನು ತಾನಾಗಿ ಎದ್ದು ಜನರೇಟರನ್ನು ತಿರುಗಿಸುತ್ತದೆ, ಜನರೇಟರಿನ ಕರೆಂಟು ಮೋಟಾರನ್ನು ತಿರುಗಿಸುತ್ತದೆ. ಎಂಜಿನು ಚಕ್ರಕ್ಕೆ ನೇರವಾಗಿ ಬಲ ಕೊಡುವುದೇ ಇಲ್ಲವೆಂದು ಜನರು ಮೊದಲು ತಿಳಿದಿದ್ದರು. ಆದರೆ ಬ್ಯಾಟರಿಯ ಪಾಲು ಮುಗಿದ ಮೇಲೆ ಹೆಚ್ಚು ವೇಗದಲ್ಲಿ ಓಡುವಾಗ ಹಲ್ಲುಚಕ್ರಗಳ ಮೂಲಕ ಎಂಜಿನಿನ ಬಲವೂ ಚಕ್ರಕ್ಕೆ ಸೇರುತ್ತದೆಂದು ೨೦೧೦ರ ಅಕ್ಟೋಬರಿನಲ್ಲಿ ಹೊರಬಂದಾಗ ದೊಡ್ಡ ಚರ್ಚೆಯಾಯಿತು. ಎಂಜಿನಿಯರರ ದೃಷ್ಟಿಯಲ್ಲಿ ಅದು ಸರಿಯಾದ ಏರ್ಪಾಡೇ. ಬಲವನ್ನು ಕರೆಂಟಾಗಿ ಮಾಡಿ, ಆ ಕರೆಂಟನ್ನು ಮತ್ತೆ ಬಲವಾಗಿ ಮಾಡುವಾಗ ಎರಡು ಸಲ ನಷ್ಟವಾಗುತ್ತದೆ. ನೇರವಾಗಿ ಕೊಟ್ಟರೆ ಆ ನಷ್ಟದಲ್ಲಿ ಒಂದಿಷ್ಟು ಉಳಿಯುತ್ತದೆ.

೩. ಗ್ಯಾಲನ್ನಿಗೆ ೨೩೦ ಮೈಲಿ!

ಈಗ ಮುಖ್ಯ ವಿಷಯಕ್ಕೆ ಬರೋಣ. ೨೦೦೯ರ ಜೂನ್ ತಿಂಗಳಲ್ಲಿ ಜನರಲ್ ಮೋಟಾರ್ಸ್ ಕಂಪನಿ ದಿವಾಳಿ ಅರ್ಜಿ ಹಾಕಿತ್ತು. ಸರ್ಕಾರದ ಹಣದಿಂದ ಜುಲೈಯಲ್ಲಿ ಮತ್ತೆ ಎದ್ದು ನಿಂತಿತು. ಆಗಸ್ಟಿನಲ್ಲಿ, ತನ್ನ ವೋಲ್ಟ್ ಕಾರು ನಗರದ ಓಡಾಟದಲ್ಲಿ ಗ್ಯಾಲನ್ನಿಗೆ ೨೩೦ ಮೈಲಿ ಕೊಡುತ್ತದೆಂದು ಸಾರಿತು. ನಮ್ಮ ಅಳತೆಯಲ್ಲಿ ಇದು ಲೀಟರಿಗೆ ಸುಮಾರು ೯೮ ಕಿಲೋಮೀಟರು! ಸರ್ಕಾರ ಆಗ ಕರಡಾಗಿ ತಯಾರಿಸುತ್ತಿದ್ದ ಒಂದು ಸೂತ್ರದಂತೆ ಲೆಕ್ಕ ಮಾಡಿದ್ದೇವೆಂದು ಕಂಪನಿ ಹೇಳಿತು. ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆ, ಈ ಕಾರನ್ನು ತಾನು ಇನ್ನೂ ಪರೀಕ್ಷಿಸಿಲ್ಲವೆಂದು ತಿಳಿಸಿತು.

ಇಷ್ಟು ದೊಡ್ಡ ಅಂಕಿ ಬರುವುದಾದರೂ ಹೇಗೆ? ನಾವೇ ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬಾತ ದಿನಕ್ಕೆ ೮೨ ಕಿಲೋಮೀಟರು ಓಡಿಸುತ್ತಾನೆನ್ನಿ. ಮೊದಲ ೬೪ ಕಿಲೋಮೀಟರು ಬ್ಯಾಟರಿಯ ಮೇಲೆ. ಉಳಿದ ೧೮ ಕಿಲೋಮೀಟರು ಪೆಟ್ರೋಲಿನ ಮೇಲೆ, ಲೀಟರಿಗೆ ೨೧ರಂತೆ. ಖರ್ಚಾದ ಪೆಟ್ರೋಲು ಸುಮಾರು ೦.೮೬ ಲೀಟರು. ೮೨ನ್ನು ೦.೮೬ರಿಂದ ಭಾಗಿಸಿದರೆ ಲೀಟರಿಗೆ ೯೫ ಕಿಲೋಮೀಟರು! ಗಣಿತದಲ್ಲಿ ತಪ್ಪಿಲ್ಲ. ಆದರೆ ಬ್ಯಾಟರಿ ತುಂಬಲು ಬೇಕಾದ ಹನ್ನೆರಡು ಹದಿಮೂರು ಯೂನಿಟ್ ಕರೆಂಟು ಈ ಲೆಕ್ಕದಲ್ಲಿ ಎಲ್ಲಿದೆ? ಎಲ್ಲಿಯೂ ಇಲ್ಲ. ಓಡಿದ ದೂರವನ್ನೆಲ್ಲ ಜಮಾ ಮಾಡಿ, ಖರ್ಚಿನಲ್ಲಿ ಅರ್ಧವನ್ನು ಬರೆಯದೆ ಬಿಟ್ಟಂತಾಯಿತು.

ನಾನು ಮಿಲ್ಲಿನ ಗುಮಾಸ್ತ. ನಮ್ಮ ಪುಸ್ತಕದಲ್ಲಿ ನೂಲಿಗೆ ಕಿಲೋಗ್ರಾಂ ಅಂಕಣ, ಬಟ್ಟೆಗೆ ಮೀಟರು ಅಂಕಣ. ಎರಡನ್ನೂ ಒಂದೇ ಅಂಕಣದಲ್ಲಿ ಕೂಡಿಸಿ ಬರೆದ ಗುಮಾಸ್ತನು ಮರುದಿನ ಆ ಕುರ್ಚಿಯಲ್ಲಿ ಇರುವುದಿಲ್ಲ. ಕರೆಂಟು ಮತ್ತು ಪೆಟ್ರೋಲು ಕೂಡ ಹಾಗೆಯೇ ಎರಡು ಅಂಕಣದ ಸರಕು.

೪. ಅಳೆದ ಮೇಲೆ ಕಂಡದ್ದು

ಪರಿಸರ ಸಂರಕ್ಷಣಾ ಸಂಸ್ಥೆಯವರು ೨೦೧೧ರ ಮಾದರಿಯನ್ನು ಪರೀಕ್ಷಿಸಿ ಕಾರಿನ ಗಾಜಿಗೆ ಅಂಟಿಸುವ ಚೀಟಿಯನ್ನು ಕೊಟ್ಟರು. ಬ್ಯಾಟರಿಯ ಮೇಲೆ ೩೫ ಮೈಲಿ, ಅಂದರೆ ೫೬ ಕಿಲೋಮೀಟರು. ಆ ಓಟಕ್ಕೆ ೧೦೦ ಮೈಲಿಗೆ ೩೬ ಯೂನಿಟ್, ಅಂದರೆ ಕಿಲೋಮೀಟರಿಗೆ ಸುಮಾರು ೦.೨೨ ಯೂನಿಟ್. ಬ್ಯಾಟರಿ ಮುಗಿದ ಮೇಲೆ ಗ್ಯಾಲನ್ನಿಗೆ ೩೭ ಮೈಲಿ, ಅಂದರೆ ಲೀಟರಿಗೆ ೧೫.೭ ಕಿಲೋಮೀಟರು.

ಅದೇ ಚೀಟಿಯಲ್ಲಿ ೯೩ ಎಂಬ ಇನ್ನೊಂದು ಅಂಕಿಯೂ ಇತ್ತು. ಒಂದು ಗ್ಯಾಲನ್ ಪೆಟ್ರೋಲಿನಲ್ಲಿರುವ ಶಕ್ತಿ ೩೩.೭ ಯೂನಿಟ್ಟಿಗೆ ಸಮವೆಂದು ಹಿಡಿದು, ಅಷ್ಟು ಕರೆಂಟಿನಲ್ಲಿ ಕಾರು ೯೩ ಮೈಲಿ ಓಡುತ್ತದೆಂದು ಅದರ ಅರ್ಥ. ಶಕ್ತಿಯ ಹೋಲಿಕೆಗೆ ಅದು ಸರಿ. ಆದರೆ ಒಂದು ಗ್ಯಾಲನ್ ಪೆಟ್ರೋಲಿನ ಬೆಲೆಯೂ ೩೩.೭ ಯೂನಿಟ್ಟಿನ ಬೆಲೆಯೂ ಒಂದೇ ಅಲ್ಲ. ಆದ್ದರಿಂದ ಅದು ಜೇಬಿನ ಲೆಕ್ಕಕ್ಕೆ ಆಗುವುದಿಲ್ಲ. ಎರಡನ್ನೂ ಬೆರೆಸಿದ ೬೦ ಎಂಬ ಅಂಕಿಯೂ ಅಲ್ಲೇ ಇತ್ತು. ಹೀಗೆ ಒಂದೇ ಕಾರಿಗೆ ೨೩೦, ೯೩, ೬೦, ೩೭ ಎಂದು ನಾಲ್ಕು ಅಂಕಿಗಳಾದವು. ಯಾವುದೂ ಶುದ್ಧ ಸುಳ್ಳಲ್ಲ, ಯಾವುದೂ ಒಂಟಿಯಾಗಿ ಪೂರ್ತಿ ನಿಜವೂ ಅಲ್ಲ.

೫. ಓಡಿಸುವವನ ಕೈಯಲ್ಲಿರುವ ಮೈಲೇಜು

ಪರೀಕ್ಷೆಯಲ್ಲಿ ಸಿಕ್ಕ ಅಂಕಿಗಳನ್ನಿಟ್ಟುಕೊಂಡು ನಾಲ್ವರ ಒಂದು ದಿನದ ಲೆಕ್ಕ ನೋಡೋಣ.

ಮೊದಲನೆಯವನು ೫೦ ಕಿಲೋಮೀಟರು ಓಡಿಸುತ್ತಾನೆ, ನಿತ್ಯ ರಾತ್ರಿ ಪ್ಲಗ್ ಸಿಕ್ಕಿಸುತ್ತಾನೆ. ಪೆಟ್ರೋಲು ಸೊನ್ನೆ, ಕರೆಂಟು ೧೧ ಯೂನಿಟ್.

ಎರಡನೆಯವನು ಪ್ಲಗ್ ಸಿಕ್ಕಿಸಿ ೮೦ ಕಿಲೋಮೀಟರು ಓಡಿಸುತ್ತಾನೆ. ಪೆಟ್ರೋಲಿನ ಮೇಲೆ ೨೪ ಕಿಲೋಮೀಟರು, ಅದಕ್ಕೆ ೧.೫ ಲೀಟರು. ಜೊತೆಗೆ ಸುಮಾರು ೧೨.೫ ಯೂನಿಟ್.

ಮೂರನೆಯವನು ಟ್ಯಾಕ್ಸಿಯವನು. ೨೦೦ ಕಿಲೋಮೀಟರು ಓಡಿಸುತ್ತಾನೆ. ಪೆಟ್ರೋಲಿನ ಮೇಲೆ ೧೪೪ ಕಿಲೋಮೀಟರು, ಅಂದರೆ ೯.೨ ಲೀಟರು. ಜೊತೆಗೆ ಅದೇ ೧೨.೫ ಯೂನಿಟ್.

ನಾಲ್ಕನೆಯವನಿಗೆ ಪ್ಲಗ್ ಸಿಕ್ಕಿಸುವ ಜಾಗವಿಲ್ಲ, ಅಥವಾ ಸೋಮಾರಿತನ. ೮೦ ಕಿಲೋಮೀಟರಿಗೆ ೫.೧ ಲೀಟರು. ಇನ್ನೂರು ಕಿಲೋಗ್ರಾಂ ಬ್ಯಾಟರಿಯನ್ನು ಅವನು ದಿನವೂ ಸುಮ್ಮನೆ ಹೊತ್ತು ತಿರುಗುತ್ತಾನೆ.

ಕಾರು ನಾಲ್ವರಿಗೂ ಒಂದೇ. ಬೇರೆಯಾದದ್ದು ದಿನದ ದೂರ ಮತ್ತು ಪ್ಲಗ್ ಸಿಕ್ಕಿಸುವ ಅಭ್ಯಾಸ, ಈ ಎರಡೇ. ಚಳಿಯ ದಿನಗಳಲ್ಲಿ ಬ್ಯಾಟರಿಯ ಓಟ ಇನ್ನೂ ಕಡಿಮೆಯಾಗುತ್ತದೆ. ಕಂಪನಿಯೇ ಕೊನೆಗೆ ೪೦ ಮೈಲಿಯ ಮಾತನ್ನು ಬಿಟ್ಟು ೨೫ರಿಂದ ೫೦ ಮೈಲಿ ಎಂದು ಹೇಳತೊಡಗಿತು. ಅದು ಪ್ರಾಮಾಣಿಕವಾದ ಮಾತು.

ಇದು ಕಾಗದದ ತರ್ಕ ಮಾತ್ರವಲ್ಲ. ಯೂರೋಪಿನಲ್ಲಿ ಕಾರಿನೊಳಗಿನ ಯಂತ್ರಗಳೇ ದಾಖಲಿಸಿದ ಪೆಟ್ರೋಲ್ ಖರ್ಚನ್ನು ಒಟ್ಟುಗೂಡಿಸಿ ಯೂರೋಪಿಯನ್ ಕಮಿಷನ್ ೨೦೨೪ರ ಮಾರ್ಚಿನಲ್ಲಿ ವರದಿ ಕೊಟ್ಟಿತು. ಪ್ಲಗ್-ಇನ್ ಹೈಬ್ರಿಡ್ಡುಗಳ ನಿಜವಾದ ಖರ್ಚು ಪರೀಕ್ಷಾ ಚೀಟಿಯ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು! ಸೂತ್ರ ಊಹಿಸಿದಷ್ಟು ಸಲ ಜನ ಪ್ಲಗ್ ಸಿಕ್ಕಿಸುತ್ತಿರಲಿಲ್ಲವೆಂಬುದು ಅದಕ್ಕೆ ಮುಖ್ಯ ಕಾರಣ.

೬. ಹಾಗಾದರೆ ವೋಲ್ಟ್ ಸೋತಿತೆ?

ಹಾಗೆನ್ನುವುದು ಅನ್ಯಾಯ. ೨೦೧೬ರ ಮಾದರಿಯಲ್ಲಿ ಬ್ಯಾಟರಿ ೧೮.೪ ಯೂನಿಟ್ ಆಯಿತು. ಬ್ಯಾಟರಿಯ ಮೇಲೆ ೫೩ ಮೈಲಿ, ಅಂದರೆ ೮೫ ಕಿಲೋಮೀಟರು. ಆಮೇಲೆ ಗ್ಯಾಲನ್ನಿಗೆ ೪೨ ಮೈಲಿ, ಅಂದರೆ ಲೀಟರಿಗೆ ಸುಮಾರು ೧೮ ಕಿಲೋಮೀಟರು. ಮೊದಲು ಹೇಳಿದ ೪೦ ಮೈಲಿ ತಡವಾಗಿಯಾದರೂ ಕೈಗೂಡಿತು. ಮುಂದೆ ಕಂಪನಿ ಬೇರೆ ದಾರಿ ಹಿಡಿದು ೨೦೧೯ರಲ್ಲಿ ಇದರ ತಯಾರಿಕೆಯನ್ನು ನಿಲ್ಲಿಸಿತು. ದಿನವೂ ಪ್ಲಗ್ ಸಿಕ್ಕಿಸಿ ಹತ್ತಿರದ ಓಡಾಟಕ್ಕೆ ಬಳಸಿದವನಿಗೆ ಅದು ಮೋಸ ಮಾಡಿದ ಗಾಡಿಯಲ್ಲ.

ಆದ್ದರಿಂದ ಮಿತ್ರರೇ, ಮುಂದೆ ಯಾವ ಹೊಸ ಪ್ಲಗ್-ಇನ್ ಕಾರಿನ ಸುದ್ದಿ ಬಂದರೂ ಮೂರು ಪ್ರಶ್ನೆ ಕೇಳಿರಿ. ಬ್ಯಾಟರಿಯ ಮೇಲೆ ಎಷ್ಟು ದೂರ, ಅದಕ್ಕೆ ಎಷ್ಟು ಯೂನಿಟ್? ಬ್ಯಾಟರಿ ಮುಗಿದ ಮೇಲೆ ಲೀಟರಿಗೆ ಎಷ್ಟು? ಅಳೆದವರು ಯಾರು, ಮಾರುವವರೋ ಬೇರೆಯವರೋ? ಆಮೇಲೆ ನಾಲ್ಕನೆಯ ಪ್ರಶ್ನೆಯನ್ನು ನಿಮ್ಮನ್ನೇ ಕೇಳಿಕೊಳ್ಳಿರಿ: ರಾತ್ರಿ ಗಾಡಿ ನಿಲ್ಲುವ ಕಡೆ ನನಗೆ ಒಂದು ಪ್ಲಗ್ ಉಂಟೆ? ಚಾಳಿನಲ್ಲಿಯೂ ಬಾಡಿಗೆ ಕೋಣೆಯಲ್ಲಿಯೂ ಇರುವ ನಮಗೆ ಎಲ್ಲಕ್ಕಿಂತ ದೊಡ್ಡದು ಈ ಕೊನೆಯ ಪ್ರಶ್ನೆಯೇ.

ಅಭ್ಯಾಸಕ್ಕೆ ಎರಡು ಲೆಕ್ಕ

(೨೦೧೬ರ ಮಾದರಿ: ಬ್ಯಾಟರಿಯ ಮೇಲೆ ೮೫ ಕಿಲೋಮೀಟರು, ಆಮೇಲೆ ಲೀಟರಿಗೆ ೧೮.)

೧. ರಾತ್ರಿ ಬ್ಯಾಟರಿ ತುಂಬಿಸಿ ಮರುದಿನ ೧೨೧ ಕಿಲೋಮೀಟರು ಓಡಿಸಿದರೆ ಪೆಟ್ರೋಲು ಎಷ್ಟು ಬೇಕು?

೨. ವಾರದಲ್ಲಿ ಆರು ದಿನ, ದಿನಕ್ಕೆ ೭೫ ಕಿಲೋಮೀಟರು ಓಟ. ಮೂರು ದಿನ ಮಾತ್ರ ಬ್ಯಾಟರಿ ತುಂಬಿತ್ತು, ಉಳಿದ ಮೂರು ದಿನ ಬರಿದಾಗಿತ್ತು. ವಾರಕ್ಕೆ ಎಷ್ಟು ಪೆಟ್ರೋಲು?

ಉತ್ತರ: ೧. ಎರಡು ಲೀಟರು. ೨. ಹನ್ನೆರಡೂವರೆ ಲೀಟರು.